ಮನೆಯೋ, ಮೈಕೋ? ಕಾನನ್ ದೇವಿಗೆ ಎದುರಾದ ಪ್ರಶ್ನೆ



2016ರಲ್ಲಿ ಬಂದ ಹಾಲಿವುಡ್ ಚಿತ್ರ 'ಲಾ ಲಾ ಲ್ಯಾಂಡ್' ಅನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅವನಿಗೆ ಜಾಝ್ ಹುಚ್ಚು, ಅವಳಿಗೆ ನಟನೆಯ ಕನಸು. ಕೊನೆಗೆ ಇಬ್ಬರ ಕನಸೂ ಕೈಗೂಡುತ್ತದೆ, ಪ್ರೀತಿ ಮಾತ್ರ ಕೈತಪ್ಪುತ್ತದೆ. ಇದೇ ಎಳೆಯ ಹಾಡಿನ ಚಿತ್ರವೊಂದು ನಮ್ಮ ಕೋಲ್ಕತ್ತಾದಲ್ಲಿ 1938ರಲ್ಲೇ ತಯಾರಾಗಿತ್ತು ಗೊತ್ತೇ?

ಅದು ಟಾಲಿಗಂಜ್‌ನ ನ್ಯೂ ಥಿಯೇಟರ್ಸ್ ತೆಗೆದ 'ಸ್ಟ್ರೀಟ್ ಸಿಂಗರ್'. ಬಂಗಾಳಿಯಲ್ಲಿ 'ಸಾಥಿ'. ನಿರ್ದೇಶಕ ಫಣಿ ಮಜುಂದಾರ್, ಸಂಗೀತ ಆರ್.ಸಿ. ಬೋರಾಲ್. ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆಯುವ ಭುಲ್ವಾ ಆಗಿ ಕೆ.ಎಲ್. ಸೈಗಲ್, ಮಂಜು ಆಗಿ ಕಾನನ್ ದೇವಿ. ರಂಗಭೂಮಿಯಲ್ಲಿ ಹೆಸರು ಮಾಡುವ ಆಸೆ ಅವನದು, ಹೆಸರು ಬರುವುದು ಅವಳಿಗೆ! ಕೀರ್ತಿ ಏರಿದಂತೆ ಗೆಳೆಯ ದೂರವಾಗುತ್ತಾನೆ. ಆದರೂ ಕೊನೆಗೆ ಇಬ್ಬರೂ ಒಂದಾಗುತ್ತಾರೆ.

'ಬಾಬುಲ್ ಮೋರಾ' ಹಾಡು ಈ ಚಿತ್ರದ್ದೇ. ಪ್ಲೇಬ್ಯಾಕ್ ಪದ್ಧತಿಯನ್ನು 1935ರಲ್ಲಿ 'ಧೂಪ್ ಛಾಂವ್' ಮೂಲಕ ತಂದಿದ್ದೇ ನ್ಯೂ ಥಿಯೇಟರ್ಸ್. ಆದರೂ ಸೈಗಲ್ ಇದನ್ನು ಕ್ಯಾಮೆರಾ ಮುಂದೆ ನಡೆಯುತ್ತಲೇ ಹಾಡಿದರು. ವಾದ್ಯದವರು ಕ್ಯಾಮೆರಾ ಕಣ್ಣಿಗೆ ಬೀಳದಂತೆ ಜೊತೆಜೊತೆಗೆ ಹೆಜ್ಜೆ ಹಾಕಿದರು.

ಎರಡೇ ವರ್ಷದಲ್ಲಿ ಈ ಕಥೆಯ ಪ್ರಶ್ನೆ ಕಾನನ್ ಅವರ ಸ್ವಂತ ಬದುಕಿಗೆ ಬಂತು. ಹೌರಾದಲ್ಲಿ ಕಡುಬಡತನದಲ್ಲಿ ಬೆಳೆದವರು ಅವರು. 1926ರಲ್ಲಿ 'ಜಯದೇವ್' ಮೂಕಿಚಿತ್ರಕ್ಕೆ ಬಣ್ಣ ಹಚ್ಚಿದಾಗ ಇನ್ನೂ ಹತ್ತರ ಹುಡುಗಿ. ಆಗ ಸಿನಿಮಾ ನಟಿಯ ಹಾಡು ಎಲ್ಲರಿಗೂ ಬೇಕು, ನಟಿ ಮಾತ್ರ ಮನೆಗೆ ಬೇಡ. ಅಂಥ ಕಾಲದಲ್ಲಿ, 1940ರಲ್ಲಿ, ಅಶೋಕ್ ಮೈತ್ರಾ ಅವರ ಕೈಹಿಡಿದರು. ಮಾವ ಹೇರಂಬಚಂದ್ರ ಮೈತ್ರಾ ಸಿಟಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ಬ್ರಹ್ಮಸಮಾಜದ ಗಣ್ಯರು. ಈ ಮದುವೆಗೆ ಊರೆಲ್ಲ ಟೀಕೆ. ಮದುವೆಯ ನಂತರ ಸಿನಿಮಾ ಬಿಡಬೇಕೆಂಬ ನಿರೀಕ್ಷೆ ಬೇರೆ. ಕಾನನ್ ಬಿಡಲಿಲ್ಲ. 1941ರಲ್ಲಿ 'ಪರಿಚಯ್', 1942ರಲ್ಲಿ 'ಜವಾಬ್' ಬಂದವು. 1945ರಲ್ಲಿ ವಿಚ್ಛೇದನವೂ ಆಯಿತು.

ಅವರು ಕಳೆದುಕೊಂಡಿದ್ದು ಬರೀ ಪ್ರೀತಿಯಲ್ಲ. ಸಮಾಜ ಆವರೆಗೆ ಕೊಡದಿದ್ದ ಮರ್ಯಾದೆಯೂ ಆ ಮದುವೆಯಿಂದಲೇ ಬಂದಿತ್ತು. ಆ ಮರ್ಯಾದೆ ಕೊಟ್ಟಿದ್ದಕ್ಕಾಗಿ ಮೊದಲ ಪತಿಗೆ ತಮ್ಮ ಆತ್ಮಕಥೆಯಲ್ಲಿ ಅವರು ಕೃತಜ್ಞತೆ ಹೇಳಿದ್ದಾರೆ. ಅತ್ತೆ ಮನೆಯವರೊಂದಿಗಿನ ಬಾಂಧವ್ಯವನ್ನೂ ಕಡಿದುಕೊಳ್ಳಲಿಲ್ಲ.

1949ರಲ್ಲಿ ಹರಿದಾಸ್ ಭಟ್ಟಾಚಾರ್ಯರನ್ನು ಮದುವೆಯಾದರು. ಅದೇ ವರ್ಷ ಶ್ರೀಮತಿ ಪಿಕ್ಚರ್ಸ್ ಕಟ್ಟಿ ನಿರ್ಮಾಪಕಿಯಾದರು. ನಮ್ಮ ಎಂ.ವಿ. ರಾಜಮ್ಮ 1943ರಲ್ಲಿ 'ರಾಧಾರಮಣ' ನಿರ್ಮಿಸಿದ್ದು ನಿಮಗೆ ನೆನಪಾಗಬಹುದು. ಕಾನನ್ ಅವರ ಈ ಸಂಸ್ಥೆಯ ಚಿತ್ರಗಳನ್ನು ಮುಂದೆ ಪತಿಯೇ ನಿರ್ದೇಶಿಸಿದರು. ಮನೆ, ಕೆಲಸ ಎರಡೂ ಒಂದೇ ಸೂರಿನಡಿ ಬಂದವು. ವಯಸ್ಸಾದ ಕಲಾವಿದೆಯರ ನೆರವಿಗೆ 'ಮಹಿಳಾ ಶಿಲ್ಪಿ ಮಹಲ್' ಸಂಸ್ಥೆಯ ಮೂಲಕವೂ ದುಡಿದರು. 1976ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1992ರ ಜುಲೈ 17ರಂದು ಇದೇ ಊರಿನಲ್ಲಿ ತೀರಿಕೊಂಡರು.

'ಲಾ ಲಾ ಲ್ಯಾಂಡ್'ನಲ್ಲಿ ಆಯ್ಕೆಯ ಕಷ್ಟ ಇಬ್ಬರದೂ ಹೌದು. ಕಾನನ್ ಕಾಲದಲ್ಲಿ ಮನೆಯೋ, ಕೆಲಸವೋ ಎಂದು ಕೇಳುತ್ತಿದ್ದುದು ಹೆಣ್ಣನ್ನು ಮಾತ್ರ. ಈಗ ನಿಮ್ಮ ಮನೆಯಲ್ಲಿ ಈ ಪ್ರಶ್ನೆ ಯಾರಿಗೆ ಬರುತ್ತದೆ? ಮುಂದಿನ ಸಲ ರೇಡಿಯೋದಲ್ಲಿ ಕಾನನ್ ದನಿ ಕೇಳಿಬಂದರೆ ವಾಲ್ಯೂಮ್ ಸ್ವಲ್ಪ ಏರಿಸಿ, ಆ ಪ್ರಶ್ನೆಯನ್ನೂ ನೆನೆಯಿರಿ.