ಕೃಷ್ಣದೇವರಾಯ ಮಿರ್ಚಿ ತಿಂದಿದ್ನಾ?

ಹೊಸಪೇಟೆಯಲ್ಲಿ ಸಂಜೆ ಆದ್ರೆ ಸಾಕು, ತಳ್ಳುಗಾಡಿಗಳಲ್ಲಿ ಎಣ್ಣೆ ಕಾಯೋಕೆ ಶುರು. ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಬಿಸಿಬಿಸಿ ಮಿರ್ಚಿ. ಕಂಪ್ಲಿಗೆ ಹೋಗಿ, ಸಂಡೂರಿಗೆ ಹೋಗಿ, ಇದೇ ತಿಂಡಿ. ಹಂಪಿ ಸೀಮೆಯ ರುಚಿ ಅಂದ್ರೆ ಇದೇ ಅಂತೀವಿ. ಹಾಗಾದ್ರೆ ಕೃಷ್ಣದೇವರಾಯ ಮಿರ್ಚಿ ತಿಂದಿದ್ನಾ?

ಇಲ್ಲ ಅಂತಲೇ ಹೇಳಬೇಕು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗು ಹತ್ತಿ ಅದು ನಮ್ಮ ಕರಾವಳಿಗೆ ಬಂದಿದ್ದು 16ನೇ ಶತಮಾನದಲ್ಲಿ. ಒಳನಾಡಿನ ಅಡುಗೆಮನೆ ಸೇರೋಕೆ ಇನ್ನೂ ಕಾಲ ಹಿಡೀತು. ರಾಯರು ಆಳಿದ್ದು 1509ರಿಂದ 1529. ಆಗ ಖಾರ ಅಂದ್ರೆ ಕರಿಮೆಣಸು. ನಮ್ಮ ಪದವೇ ಇದಕ್ಕೆ ಸಾಕ್ಷಿ: ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಸೇರಿಸಿ 'ಮೆಣಸಿನಕಾಯಿ' ಅಂದ್ವಿ. ರೊಟ್ಟಿ ಜೊತೆ ನಂಚಿಕೊಳ್ಳೋ ಶೇಂಗಾ ಚಟ್ನಿಯ ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ.

ಮತ್ತೆ ಆಗ ಏನು ತಿಂತಿದ್ರು? 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಕ್ಕಿ, ಜೋಳ, ಹೆಸರು, ಹುರುಳಿ ಬಗ್ಗೆ ಬರೆದಿದ್ದಾನೆ. ಸಂತೆಯಲ್ಲಿ ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆ ರಾಶಿ ಬಿದ್ದಿದ್ವಂತೆ, ಅದೂ ಅಗ್ಗಕ್ಕೆ. ಹಂಪಿಯ ಭೋಜನಶಾಲೆಗೆ ಹೋದ್ರೆ ಉದ್ದನೆಯ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳಿವೆ. ಅನ್ನಕ್ಕೊಂದು ಜಾಗ, ಪಲ್ಯ-ಸಾರಿಗೆ ಸಣ್ಣ ಗುಳಿಗಳು.

ಆ ತಟ್ಟೆಗಳ ಮಧ್ಯೆ ನೀರು ಹರೀತಿತ್ತು ಅನ್ನೋದನ್ನ ಗಮನಿಸಿ. ಬೇಸಿಗೆಯಲ್ಲಿ ಬಂಡೆ ಸುಡೋ ಈ ಊರಲ್ಲಿ ಅಷ್ಟು ದೊಡ್ಡ ನಗರದ ಹೊಟ್ಟೆ ತುಂಬಿದ್ದೇ ನೀರಿನಿಂದ. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟು ಕಟ್ಟಿ, ಬಂಡೆಗಳ ನಡುವೆ ಕಾಲುವೆ ತಿರುಗಿಸಿದ್ರು. 1565ರಲ್ಲಿ ನಗರ ಹಾಳಾಯ್ತು. ಆದ್ರೆ ತುರ್ತು ಕಾಲುವೆ ನಿಲ್ಲಲಿಲ್ಲ. ಇವತ್ತಿಗೂ ಹಂಪಿಯಲ್ಲಿ ಗುಡಿಗಳ ಪಕ್ಕದಲ್ಲೇ ಬಾಳೆತೋಟ ಹಸಿರಾಗಿದೆ ಅಂದ್ರೆ, ಅದು ಆ ಕಾಲುವೆಯ ನೀರು. ಹೊಸಪೇಟೆಯ ಕಬ್ಬು, ಬೆಲ್ಲ, ಕಂಪ್ಲಿಯ ಭತ್ತ, ಎಲ್ಲಾ ತುಂಗಭದ್ರೆಯದೇ ಕೃಪೆ. ಕಾಲುವೆ ದಾಟಿ ಸಂಡೂರಿನ ಮಳೆಯಾಶ್ರಿತ ಹೊಲಗಳಿಗೆ ಬಂದ್ರೆ ತಟ್ಟೆಯೂ ಬದಲು, ಅಲ್ಲಿ ಜೋಳದ ರೊಟ್ಟಿ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ, ಗೇಟೇ ಕೊಚ್ಚಿಹೋಯ್ತು. ತುಂಬಿದ್ದ ಜಲಾಶಯದ ನೀರು ಕಣ್ಣೆದುರೇ ನದಿಗೆ ಹೋಗ್ತಿತ್ತು. ಆಗಷ್ಟೇ ನಾಟಿ ಮಾಡಿದ್ದ ರೈತರ ಎದೆ ಧಸಕ್ಕಂತು. ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟ್ ಇಳಿಸೋವರೆಗೂ ಈ ಸೀಮೆಗೆ ನಿದ್ದೆ ಇಲ್ಲ.

ಮೆಣಸಿನಕಾಯಿ ಬಂತು, ಶೇಂಗಾ ಬಂತು, ರುಚಿ ಬದಲಾಯ್ತು. ಬದಲಾಗದೆ ಉಳಿದಿದ್ದು ಕಾಲುವೆ. ಮುಂದಿನ ಸಲ ಹಂಪಿಗೆ ಹೋದಾಗ ಕಲ್ಲಿನ ತಟ್ಟೆ ಫೋಟೊ ತೆಗೀರಿ. ಆಮೇಲೆ ಒಂದೆರಡು ಹೆಜ್ಜೆ ಮುಂದೆ ಹೋಗಿ, ಬಾಳೆತೋಟದ ಪಕ್ಕ ಹರಿಯೋ ನೀರನ್ನೂ ನೋಡಿ ಬನ್ನಿ. ಊಟ ಬರೋದು ಅಲ್ಲಿಂದ.