ಗುಬ್ಬಿ ತೋಟದಪ್ಪನವರ ಛತ್ರದಿಂದ ಸಿದ್ಧಗಂಗೆಗೆ

ವಿಶ್ವವಿದ್ಯಾನಿಲಯಗಳು ಹಣಕ್ಕಾಗಿ ಹಳೆಯ ವಿದ್ಯಾರ್ಥಿಗಳ ಸಂಘಗಳತ್ತ ಕೈಚಾಚುವುದು ಈಗಿನ ರೂಢಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ತುಮಕೂರು, ಕುಣಿಗಲ್ ಕಡೆಯ ಬಡ ಹುಡುಗರ ಚಿಂತೆಯೇ ಬೇರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದರೂ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ?

ಇದಕ್ಕೆ ಮೊದಲೇ ದಾರಿ ಮಾಡಿಟ್ಟವರು ಗುಬ್ಬಿಯ ವರ್ತಕ ತೋಟದಪ್ಪನವರು (1838–1910). ಬೆಂಗಳೂರು ರೈಲು ನಿಲ್ದಾಣದೆದುರು ಜಾಗ ಕೊಂಡು 1903ರಲ್ಲಿ ಛತ್ರ ತೆರೆದರು. ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ನಡೆಸಿದರು. ಆಸ್ತಿಯ ಬಹುಭಾಗವನ್ನು ಟ್ರಸ್ಟಿಗೆ ಬಿಟ್ಟುಹೋದರು. ಕೆ.ಪಿ. ಪುಟ್ಟಣ್ಣ ಚೆಟ್ಟಿಯವರು ಅದರ ಮೊದಲ ಅಧ್ಯಕ್ಷರು. ನಿಲಯದಲ್ಲಿ ವೀರಶೈವರಿಗೇ ಆದ್ಯತೆ ಎಂಬುದು ನಿಜ; ಅಂದಿನ ಹಾಸ್ಟೆಲುಗಳು ಬಹುಪಾಲು ಜಾತಿವಾರು ಹುಟ್ಟಿದಂಥವೇ.

1927ರಲ್ಲಿ ಸೆಂಟ್ರಲ್ ಕಾಲೇಜು ಸೇರಿದ ಮಾಗಡಿ ತಾಲ್ಲೂಕು ವೀರಾಪುರದ ಶಿವಣ್ಣ ಎಂಬ ತರುಣ ತಂಗಿದ್ದು ಇಲ್ಲಿಯೇ. 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾದ್ದರಿಂದ ಪದವಿ ಕೈಗೂಡಲಿಲ್ಲ. ಅವರೇ ಶಿವಕುಮಾರ ಸ್ವಾಮೀಜಿ. ಛತ್ರದಲ್ಲಿ ತಾವು ಪಡೆದದ್ದನ್ನು ಅವರು ಮಠದಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ತೆರೆದರು. ದವಸಕ್ಕಾಗಿ ಊರೂರು ತಿರುಗಿದರು; ರೈತರು ರಾಗಿ, ಅಕ್ಕಿ, ತೆಂಗಿನಕಾಯಿ ಕೊಟ್ಟರು. 2019ರಲ್ಲಿ ಅವರು ಲಿಂಗೈಕ್ಯರಾದಾಗ ಅಲ್ಲಿ ಉಂಡು ಓದುತ್ತಿದ್ದ ಮಕ್ಕಳು ಸಾವಿರಾರು.

ತುಮಕೂರಿಗೆ ಸ್ವಂತ ವಿಶ್ವವಿದ್ಯಾನಿಲಯ ಬಂದದ್ದು 2004ರಲ್ಲಿ. ಅಷ್ಟರಲ್ಲಿ ತೋಟದಪ್ಪನವರ ಛತ್ರಕ್ಕೆ ನೂರು ತುಂಬಿತ್ತು.