ಸಂತಾನ ಚಿಕಿತ್ಸೆಯ ವೆಚ್ಚ ಮತ್ತು ಪರಸ್ಥಳ ಪ್ರಯಾಣ: ಕಡೂರು, ತರೀಕೆರೆ, ಅಜ್ಜಂಪುರ

ಮಕ್ಕಳಾಗದ ದಂಪತಿಗಳು ಚಿಕಿತ್ಸೆಗಾಗಿ ದೂರದ ನಗರಕ್ಕೆ, ಕೆಲವರು ಪರದೇಶಕ್ಕೆ ಹೋಗುವ ರೂಢಿ ಹಾಗೂ ಅದಕ್ಕೆ ತಗಲುವ ಖರ್ಚಿನ ಇತಿಹಾಸ ಇದು. 1947ರವರೆಗೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ ದಾರಿ ಕೂಡುವುದು ಬೀರೂರು ಜಂಕ್ಷನ್ನಿನಲ್ಲಿ. ಅಲ್ಲಿಂದ ಒಂದು ರೈಲು ಹಾದಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ, ಮತ್ತೊಂದು ಕಡೂರಿನ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಈ ಸೀಮೆಯ ದಂಪತಿಗಳು ಅಂಡಾಣು ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವ ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಗೆ ಸಾಮಾನ್ಯವಾಗಿ ಶಿವಮೊಗ್ಗ, ದಾವಣಗೆರೆ, ಮಣಿಪಾಲ ಅಥವಾ ಬೆಂಗಳೂರಿನತ್ತ ಮುಖ ಮಾಡುತ್ತಾರೆ.

ಹಿನ್ನೆಲೆ

ಆಧುನಿಕ ಚಿಕಿತ್ಸೆ ಬರುವ ಮೊದಲೂ ಮಗುವಿಗಾಗಿ ಊರು ಬಿಟ್ಟು ಹೋಗುವುದಿತ್ತು. ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲು ಪ್ರತಿಷ್ಠಾಪಿಸಿ ಪ್ರದಕ್ಷಿಣೆ ಹಾಕುವುದು ಊರೊಳಗಿನ ಹರಕೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮಾಡಿಸುವುದು, ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸುವುದು ದೂರದ ಹರಕೆ. ಇವು ಇಂದಿಗೂ ನಿಂತಿಲ್ಲ. ಹರಕೆ ಫಲಿಸದಿದ್ದರೆ ದಾಯಾದಿಗಳ ಮಗುವನ್ನು ದತ್ತು ಪಡೆಯುತ್ತಿದ್ದರು, ಇಲ್ಲವೇ ಗಂಡನಿಗೆ ಎರಡನೇ ಮದುವೆ ಮಾಡುತ್ತಿದ್ದರು. ಎರಡನೆಯ ದಾರಿಯನ್ನು 1955ರ ಹಿಂದೂ ವಿವಾಹ ಕಾಯ್ದೆ ಹಿಂದೂಗಳಿಗೆ ಮುಚ್ಚಿತು. ಕೊರತೆ ಹೆಣ್ಣಿನದೇ ಎಂಬ ನಂಬಿಕೆ ಮಾತ್ರ ಹಾಗೆಯೇ ಉಳಿಯಿತು. ಇದರಿಂದಾಗಿ, ಅತ್ಯಂತ ಅಗ್ಗದ ಪರೀಕ್ಷೆಗಳಲ್ಲಿ ಒಂದಾದ ಗಂಡಸಿನ ವೀರ್ಯ ಪರೀಕ್ಷೆ ಎಷ್ಟೋ ಮನೆಗಳಲ್ಲಿ ಕೊನೆಗೆ ನಡೆಯುತ್ತದೆ.

ಪ್ರನಾಳ ಶಿಶುವಿನಿಂದ ಬೆಂಗಳೂರಿನವರೆಗೆ

ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜನಿಸಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯೋಗದ ಫಲವಾಗಿ ‘ದುರ್ಗಾ’ ಹುಟ್ಟಿದಳು. ಆದರೆ ಸರ್ಕಾರಿ ಸಮಿತಿ ಅವರ ಸಾಧನೆಯನ್ನು ಒಪ್ಪಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್ 6ರಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದೂಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ಅವರ ಪ್ರಯತ್ನದಿಂದ, ಆಗ ದೇಶದ ಮೊದಲ ಪ್ರನಾಳ ಶಿಶು ಎನಿಸಿಕೊಂಡ ಹರ್ಷಾ ಜನಿಸಿದಳು. ಮುಖೋಪಾಧ್ಯಾಯರ ದಾಖಲೆಗಳನ್ನು ಪರಿಶೀಲಿಸಿ, ಮೊದಲಿಗರೆಂಬ ಮನ್ನಣೆ ಅವರಿಗೇ ಸಲ್ಲಬೇಕೆಂದು 1997ರಲ್ಲಿ ಸಾರಿದವರೂ ಆನಂದ್ ಕುಮಾರ್ ಅವರೇ. ಅವರು ಮುಂದೆ ಬೆಂಗಳೂರಿನಲ್ಲಿ ಹೋಪ್ ಚಿಕಿತ್ಸಾಲಯವನ್ನು ಸ್ಥಾಪಿಸಿದರು. 1990ರ ದಶಕದ ಹೊತ್ತಿಗೆ ಡಾ. ಕಾಮಿನಿ ರಾವ್ ಮೊದಲಾದವರ ಕೆಲಸದಿಂದ ಬೆಂಗಳೂರು ಈ ಚಿಕಿತ್ಸೆಯ ಪ್ರಮುಖ ಕೇಂದ್ರವಾಯಿತು. ಒಂದೇ ವೀರ್ಯಾಣುವನ್ನು ಅಂಡಾಣುವಿಗೆ ಚುಚ್ಚಿ ಸೇರಿಸುವ ಇಕ್ಸಿ ವಿಧಾನ 1992ರಲ್ಲಿ ಬೆಲ್ಜಿಯಂನಿಂದ ವರದಿಯಾದ ಮೇಲೆ, ಗಂಡಸಿನ ತೀವ್ರ ಕೊರತೆಗೂ ಪರಿಹಾರ ದೊರೆಯಿತು.

ವೆಚ್ಚದ ಸ್ವರೂಪ

ಖಾಸಗಿ ಆಸ್ಪತ್ರೆಗಳಲ್ಲಿ ಒಂದು ಐವಿಎಫ್ ಸೈಕಲ್ಲಿಗೆ (ಚಿಕಿತ್ಸೆಯ ಒಂದು ಸುತ್ತಿಗೆ) ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿ ಆಗುತ್ತದೆ. ಭ್ರೂಣವನ್ನು ಶೈತ್ಯೀಕರಿಸಿಡುವುದು, ದಾನಿಯ ಅಂಡಾಣು, ವಂಶವಾಹಿ ಪರೀಕ್ಷೆ ಇವುಗಳ ಲೆಕ್ಕ ಬೇರೆ. ಒಂದೇ ಸೈಕಲ್ಲಿನಲ್ಲಿ ಫಲ ಸಿಗುವ ಖಾತರಿ ಇಲ್ಲ; ಹೆಣ್ಣಿನ ವಯಸ್ಸು 35 ದಾಟಿದಂತೆ ಅವಕಾಶ ಇಳಿಯುತ್ತದೆ, 40ರ ನಂತರ ತೀರಾ ಕುಗ್ಗುತ್ತದೆ.

ಬಿಲ್ಲಿನಲ್ಲಿ ಕಾಣದ ಖರ್ಚೂ ಇದೆ. ಮುಟ್ಟಾದ ಎರಡನೇ ಅಥವಾ ಮೂರನೇ ದಿನ ಸ್ಕ್ಯಾನ್ ಮಾಡಿ, ಸುಮಾರು ಹತ್ತು ಹನ್ನೆರಡು ದಿನ ನಿತ್ಯ ಚುಚ್ಚುಮದ್ದು ಕೊಡುತ್ತಾರೆ. ನಡುನಡುವೆ ಮತ್ತೆ ಸ್ಕ್ಯಾನ್, ರಕ್ತಪರೀಕ್ಷೆ. ಕೊನೆಯ ಚುಚ್ಚುಮದ್ದನ್ನು ನಿಗದಿಯಾದ ಗಂಟೆಗೇ ಕೊಡಬೇಕು, ಏಕೆಂದರೆ ಅದಾದ 34ರಿಂದ 36 ಗಂಟೆಯೊಳಗೆ ಅಂಡಾಣು ಹೊರತೆಗೆಯಬೇಕು. ಮೂರು ಅಥವಾ ಐದು ದಿನಕ್ಕೆ ಭ್ರೂಣ ವರ್ಗಾವಣೆ, ಎರಡು ವಾರಕ್ಕೆ ಫಲಿತಾಂಶ. ಬೆಳಗಿನ ರೈಲಿಗೆ ಹೋಗಿ ರಾತ್ರಿ ಮರಳುವ ಓಡಾಟಕ್ಕೆ ಈ ವೇಳಾಪಟ್ಟಿ ಒಗ್ಗುವುದಿಲ್ಲ. ಹಾಗಾಗಿ ನೆಂಟರ ಮನೆ ಅಥವಾ ಬಾಡಿಗೆ ಕೋಣೆ ಬೇಕು. ಅಡಿಕೆ, ತೆಂಗು, ಈರುಳ್ಳಿ ನಂಬಿದ ಸಂಸಾರದಲ್ಲಿ ಹಣ ಕೈಗೆ ಬರುವುದು ಫಸಲು ಮಾರಿದಾಗ. ಚಿಕಿತ್ಸೆಯ ದಿನ ಅದಕ್ಕೆ ಕಾಯುವುದಿಲ್ಲ. ಆಗ ಒಡವೆ ಅಡವಿಡುವುದು ಎಲ್ಲಕ್ಕಿಂತ ಬೇಗ ಒದಗುವ ದಾರಿ.

ಪರದೇಶದ ದಾರಿ

2002ರ ನಂತರ ಭಾರತದಲ್ಲಿ ವಾಣಿಜ್ಯ ಬಾಡಿಗೆ ತಾಯ್ತನಕ್ಕೆ, ಅಂದರೆ ಹಣ ಪಡೆದು ಬೇರೆಯವರ ಮಗುವಿಗೆ ಗರ್ಭ ಹೊರುವುದಕ್ಕೆ, ತಡೆಯಿರಲಿಲ್ಲ. ಅದಕ್ಕಾಗಿ ಹೊರದೇಶದವರು ಇಲ್ಲಿಗೆ ಬರುತ್ತಿದ್ದರು. ಗುಜರಾತಿನ ಆಣಂದದಲ್ಲಿ ಬಾಡಿಗೆ ತಾಯಿಗೆ ಜನಿಸಿದ, ಜಪಾನಿ ದಂಪತಿಯ ಮಗು ಮಾಂಜಿಯ ಪೌರತ್ವ ವಿವಾದ 2008ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರಲ್ಲಿ ವಿದೇಶಿಯರಿಗೆ ಇಲ್ಲಿನ ಬಾಡಿಗೆ ತಾಯ್ತನ ನಿಂತಿತು. ಅದೇ ವರ್ಷ ಥಾಯ್ಲೆಂಡ್ ಕೂಡ ಬಾಗಿಲು ಹಾಕಿತು. ಅಮೆರಿಕದಲ್ಲಿ ಔಷಧ ಬಿಟ್ಟು ಒಂದು ಐವಿಎಫ್ ಸೈಕಲ್ಲಿಗೇ ಹತ್ತು ಸಾವಿರ ಡಾಲರ್ ಮೀರುವುದರಿಂದ, ಅಲ್ಲಿ ನೆಲೆಸಿದ ಕನ್ನಡಿಗ ದಂಪತಿಗಳಲ್ಲಿ ರಜೆ ಹಾಕಿ ಬೆಂಗಳೂರಿಗೆ ಬಂದು ಚಿಕಿತ್ಸೆ ಪಡೆಯುವವರಿದ್ದಾರೆ.

ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಮತ್ತು ಬಾಡಿಗೆ ತಾಯ್ತನ ಕಾಯ್ದೆ, ಎರಡೂ 2021ರವು, 2022ರ ಜನವರಿ 25ರಿಂದ ಜಾರಿಗೆ ಬಂದವು. ಚಿಕಿತ್ಸೆಗೆ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷದ ಮಿತಿ ಬಂತು. 23ರಿಂದ 35 ವರ್ಷದ ಹೆಣ್ಣು ಜೀವಮಾನದಲ್ಲಿ ಒಮ್ಮೆ ಮಾತ್ರ, ಏಳಕ್ಕೆ ಮೀರದಂತೆ ಅಂಡಾಣು ನೀಡಬಹುದು. ಆಕೆಯ ವಿಮೆಯ ವೆಚ್ಚ ಚಿಕಿತ್ಸೆ ಪಡೆಯುವ ದಂಪತಿಯದು. ವಾಣಿಜ್ಯ ಬಾಡಿಗೆ ತಾಯ್ತನ ಅಪರಾಧವಾಯಿತು. 2023ರಲ್ಲಿ ಕರ್ನಾಟಕ ಹೈಕೋರ್ಟ್, ಇದ್ದೊಬ್ಬ ಮಗನನ್ನು ಕಳೆದುಕೊಂಡ ದಂಪತಿಯಲ್ಲಿ ಪತಿಯ ವಯಸ್ಸು ಮಿತಿ ದಾಟಿದ್ದರೂ, ವಂಶವಾಹಿ, ದೈಹಿಕ, ಆರ್ಥಿಕ ಎಂಬ ಮೂರು ಪರೀಕ್ಷೆಗಳ ಮೇಲೆ ಅವರ ಬಾಡಿಗೆ ತಾಯ್ತನದ ಅರ್ಜಿ ಪರಿಗಣಿಸಲು ಹೇಳಿತು. ಕಾನೂನಿನ ಚೌಕಟ್ಟಿಗೆ ಹೊರಗುಳಿದವರಲ್ಲಿ ಉಳ್ಳವರು ಈಗ ಜಾರ್ಜಿಯಾದಂಥ ದೇಶಗಳತ್ತ ನೋಡುತ್ತಾರೆ.

ಸಾರ್ವಜನಿಕ ನೆರವು

ಇಸ್ರೇಲ್ ಎರಡು ಮಕ್ಕಳಾಗುವವರೆಗೆ ಐವಿಎಫ್ ವೆಚ್ಚ ಭರಿಸುತ್ತದೆ; ಜಪಾನ್ 2022ರ ಏಪ್ರಿಲಿನಿಂದ ಸಾರ್ವಜನಿಕ ವಿಮೆಗೆ ಸೇರಿಸಿದೆ. ಭಾರತದಲ್ಲಿ ಗೋವಾ ವೈದ್ಯಕೀಯ ಕಾಲೇಜು 2023ರಲ್ಲಿ ಉಚಿತ ಐವಿಎಫ್ ಆರಂಭಿಸಿತು. ಸಾಮಾನ್ಯ ಆರೋಗ್ಯ ವಿಮೆಗಳು ಬಂಜೆತನವನ್ನು ಹೊರಗಿಡುತ್ತ ಬಂದಿವೆ. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲೂ ಸಂತಾನ ಚಿಕಿತ್ಸೆ ಇದೆ.